ಯುರೋಪಿನ ಕಂಪನಿಯ ಐಟಿ ಹೊಣೆ ಹೆಗಲಿಗೆ ಬಂದಾಗ: ಉದ್ಯಮಬಾಗದಿಂದ ಒಂದಿಷ್ಟು ಸಲಹೆ

ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಫೌಂಡ್ರಿ (ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆ) ಮತ್ತು ಮಷಿನ್ ಶಾಪಿನ ಐಟಿ ಕೆಲಸ ನಾನು ನೋಡಿಕೊಳ್ಳುತ್ತೇನೆ. ಪಂಪ್ ಹೌಸಿಂಗ್, ವಾಲ್ವ್ ಬಾಡಿ, ಪೈಪ್ ಫಿಟಿಂಗ್ ಮಾಡುತ್ತೇವೆ. ಮಾಲಿನ ದೊಡ್ಡ ಪಾಲು ಮುಂಬೈ ಹತ್ತಿರದ ನ್ಹಾವಾ ಶೇವಾ ಬಂದರಿನಿಂದ ಜರ್ಮನಿ, ಇಟಲಿ, ನೆದರ್ಲೆಂಡ್ಸ್‌ಗೆ ಹೋಗುತ್ತದೆ. ಇದಕ್ಕೂ ಮೊದಲು ಹಲವು ವರ್ಷ ಸ್ಟುಟ್‌ಗಾರ್ಟ್ ಹತ್ತಿರದ ಒಂದು ವಾಲ್ವ್ ಕಂಪನಿಯ ಐಟಿ ವಿಭಾಗದಲ್ಲಿದ್ದೆ. ಹಾಗಾಗಿ ಕೊಳ್ಳುವವರ ಕಷ್ಟವೂ ಗೊತ್ತು, ಮಾರುವವರ ಕಷ್ಟವೂ ಗೊತ್ತು.

ಈಗ ನಮ್ಮ ಭಾಗದ ಹುಡುಗ ಹುಡುಗಿಯರು ಯುರೋಪಿನ ಕಂಪನಿಗಳಲ್ಲಿ ದೊಡ್ಡ ಐಟಿ ಹುದ್ದೆಗೆ ಏರುತ್ತಿದ್ದಾರೆ. ಕೆಲವರು ಅಲ್ಲೇ ಇದ್ದು, ಇನ್ನು ಕೆಲವರು ಇಲ್ಲಿಂದಲೇ. "ಡಿಜಿಟಲ್ ಟ್ರಾನ್ಸ್‌ಫಾರ್ಮೇಶನ್ ಮಾಡಿ, ಕಂಪನಿ ಪೈಪೋಟಿಯಲ್ಲಿ ನಿಲ್ಲೋ ಹಾಗೆ ಮಾಡಿ ಅಂತ ಮಾಲೀಕರು ಹೇಳ್ತಾರೆ. ಎಲ್ಲಿಂದ ಶುರು ಮಾಡ್ಲಿ ಸರ್?" ಎಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ನಿಮ್ಮ ಕೈಯಲ್ಲಿ ಇರುವುದು ಯಾವುದು?

2024ರ ಸೆಪ್ಟೆಂಬರ್‌ನಲ್ಲಿ ಮಾರಿಯೊ ಡ್ರಾಗಿ ಯುರೋಪಿನ ಪೈಪೋಟಿ ಶಕ್ತಿಯ ಬಗ್ಗೆ ವರದಿ ಕೊಟ್ಟರು. ಇಟಲಿಯ ಪ್ರಧಾನಿಯಾಗಿದ್ದವರು, ಅದಕ್ಕೂ ಮುಂಚೆ ಯುರೋಪಿನ ಕೇಂದ್ರ ಬ್ಯಾಂಕಿನ ಅಧ್ಯಕ್ಷರಾಗಿದ್ದವರು. ಯುರೋಪಿನ ಕಂಪನಿಗಳು ಕರೆಂಟಿಗೆ ಅಮೆರಿಕದ ಎರಡು-ಮೂರು ಪಟ್ಟು ದರ ಕೊಡುತ್ತಿವೆ, ಗ್ಯಾಸಿಗೆ ನಾಲ್ಕೈದು ಪಟ್ಟು ಎಂದು ಅದರಲ್ಲಿದೆ. ಜಗತ್ತಿನ ಮೊದಲ 50 ಟೆಕ್ ಕಂಪನಿಗಳಲ್ಲಿ ಯುರೋಪಿನವು ನಾಲ್ಕೇ ನಾಲ್ಕು. ಇದನ್ನೆಲ್ಲ ಸರಿಮಾಡಲು ವರ್ಷಕ್ಕೆ 750ರಿಂದ 800 ಬಿಲಿಯನ್ ಯೂರೋ ಹೆಚ್ಚಿನ ಹೂಡಿಕೆ ಬೇಕಂತೆ.

ಈ ವರದಿ ಓದಿ. ಆದರೆ ಓದಿ ಹೆದರಬೇಡಿ. ಕರೆಂಟಿನ ದರ ಇಳಿಸುವುದು ನಿಮ್ಮ ಕೆಲಸ ಅಲ್ಲ. ಸಂಬಳ ಇಳಿಸುವುದಂತೂ ಅಲ್ಲವೇ ಅಲ್ಲ. ಐಟಿ ಮುಖ್ಯಸ್ಥರ ಕೈಯಲ್ಲಿ ನಿಜವಾಗಿ ಇರುವುದು ಒಂದೇ: ಕಾಯುವ ಹೊತ್ತು. ಗಿರಾಕಿ ಪ್ರಶ್ನೆ ಕೇಳಿದಾಗಿನಿಂದ ನಂಬಬಹುದಾದ ಉತ್ತರ ಹೋಗುವ ತನಕ ಕಂಪನಿ ಎಷ್ಟು ಹೊತ್ತು ಕಳೆಯುತ್ತದೆ? ನಾನು ಕಂಡ ಯುರೋಪಿನ ಮಧ್ಯಮ ಗಾತ್ರದ ಕಂಪನಿಗಳಲ್ಲಿ ಎಂಜಿನಿಯರಿಂಗ್ ಬಹಳ ಚೆನ್ನಾಗಿರುತ್ತದೆ, ಮಷಿನ್ ಚೆನ್ನಾಗಿರುತ್ತದೆ. ಮಾಹಿತಿ ಮಾತ್ರ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಲು ದಿನಗಟ್ಟಲೆ ತೆಗೆದುಕೊಳ್ಳುತ್ತದೆ. ದುಡ್ಡು ಅಲ್ಲಿ ಸೋರುತ್ತದೆ.

ಅದಕ್ಕೇ ಹೊಸ ಸಾಫ್ಟ್‌ವೇರ್ ಮಾರುವವರಿಗೆ ಮೊದಲ ತಿಂಗಳು ಭೇಟಿಯ ಸಮಯವನ್ನೇ ಕೊಡಬೇಡಿ. ಒಂದೇ ಒಂದು ಆರ್ಡರ್ ಹಿಡಿದು ಅದರ ಹಿಂದೆ ನಡೆಯಿರಿ.

ಒಂದು ಆರ್ಡರಿನ ಬೆನ್ನು ಹತ್ತುವುದು

ಉದಾಹರಣೆಗೆ ಒಂದು ಪಂಪ್ ಹೌಸಿಂಗ್ ತಗೊಳ್ಳಿ. ಡಕ್ಟೈಲ್ ಐರನ್ (ಸುಲಭಕ್ಕೆ ಒಡೆಯದ ಎರಕದ ಕಬ್ಬಿಣ), ಗ್ರೇಡ್ ಇಎನ್-ಜಿಜೆಎಸ್-400-15. ಡ್ರಾಯಿಂಗ್ ಜೊತೆ ಬೆಲೆ ಕೇಳಿ ಮೇಲ್ ಬಂತು. ಮೊದಲು ಯುರೋಪಿನ ಕಂಪನಿಯ ಸೇಲ್ಸ್‌ಗೆ. ಅವರು ಡಿಸೈನಿಗೆ ಕಳಿಸುತ್ತಾರೆ. ಡಿಸೈನಿನವರು ಖರೀದಿ ವಿಭಾಗಕ್ಕೆ. ಖರೀದಿಯವರು ಬೆಳಗಾವಿಗೆ. ಇಲ್ಲಿ ಪ್ಯಾಟರ್ನ್ ಶಾಪ್ (ಅಚ್ಚಿನ ಮಾದರಿ ಮಾಡುವವರು), ಮೆಥಡ್ಸ್ (ಎರಕ ಹೇಗೆ ಹೊಯ್ಯಬೇಕು ಎಂದು ನಿರ್ಧರಿಸುವವರು), ಮಷಿನಿಂಗ್, ಪ್ಯಾಕಿಂಗ್ ಎಲ್ಲರ ಹತ್ತಿರ ಸುತ್ತಿ ಬೆಲೆ ವಾಪಸ್ ಹೋಗಬೇಕು.

ನೀವು ಮಾಡಬೇಕಾದದ್ದು ಇಷ್ಟು. ಪ್ರತಿ ಮೇಜಿನಲ್ಲೂ ಎರಡು ಸಮಯ ಬರೆದುಕೊಳ್ಳಿ: ಕಾಗದ ಬಂದದ್ದು ಯಾವಾಗ, ಅದನ್ನು ಕೈಗೆತ್ತಿಕೊಂಡದ್ದು ಯಾವಾಗ. ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಲು ಹೋಗಬೇಡಿ. ಕೇಳಿದರೆ ಜನ ತಮ್ಮನ್ನು ಅಳೆಯುತ್ತಿದ್ದಾರೆ ಅಂದುಕೊಳ್ಳುತ್ತಾರೆ, ಬಾಯಿ ಮುಚ್ಚಿಕೊಳ್ಳುತ್ತಾರೆ. ನಾನು ನೋಡಿದ ಕಡೆಯಲ್ಲೆಲ್ಲ ನಿಜವಾದ ಕೆಲಸ ಕೆಲವೇ ತಾಸಿನದು. ಉಳಿದದ್ದು ಪೂರಾ ಕಾಯುವುದು. ಡ್ರಾಯಿಂಗಿನ ಯಾವ ರಿವಿಜನ್ ಸರಿ ಅಂತ ಗೊತ್ತಿಲ್ಲ, ಕಾಯಿ. ಹಿಂದೆ ಇದೇ ತರಹದ ಬಿಡಿಭಾಗಕ್ಕೆ ಏನು ಬೆಲೆ ಹಾಕಿದ್ದೆವು ಅನ್ನುವುದು ಒಬ್ಬರ ಲ್ಯಾಪ್‌ಟಾಪಿನ ಎಕ್ಸೆಲ್‌ನಲ್ಲಿದೆ, ಅವರು ರಜೆಯಲ್ಲಿದ್ದಾರೆ, ಕಾಯಿ.

ಇಲ್ಲಿ ಗಡಿಯಾರ ನಮ್ಮ ಪರವಾಗಿದೆ. ಬೇಸಿಗೆಯಲ್ಲಿ ಜರ್ಮನಿ ನಮಗಿಂತ ಮೂರೂವರೆ ತಾಸು ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಬೇಸಿಗೆಯಲ್ಲಿ ಅವರು ಸಂಜೆ 4ಕ್ಕೆ ಕೇಳಿದ್ದು ನಮಗೆ ರಾತ್ರಿ ಏಳೂವರೆಗೆ ಬರುತ್ತದೆ. ನಾವು ಮರುದಿನ 9ಕ್ಕೆ ಕೂತರೆ ಅವರು ಕಚೇರಿಗೆ ಬರುವಷ್ಟರಲ್ಲಿ ಉತ್ತರ ಅಲ್ಲಿರಬಹುದು. ಆದರೆ ಪ್ರಶ್ನೆಯ ಜೊತೆ ಬೇಕಾದ ಮಾಹಿತಿ ಎಲ್ಲ ಬಂದಿದ್ದರೆ ಮಾತ್ರ. ಒಂದು ಡ್ರಾಯಿಂಗ್ ಬಿಟ್ಟುಹೋದರೂ ಇಡೀ ದಿನ ಹೋಯಿತು. ಅದಕ್ಕೇ ನಾವು ಮೊದಲು ಮಾಡಿದ ಡಿಜಿಟಲ್ ಕೆಲಸ ಒಂದು ಫಾರ್ಮ್. ಬರೀ ಫಾರ್ಮ್! ಗ್ರೇಡ್, ರಿವಿಜನ್, ವರ್ಷಕ್ಕೆ ಎಷ್ಟು ನಗ, ಟೆಸ್ಟ್ ಸರ್ಟಿಫಿಕೇಟ್ ಯಾವುದು ಬೇಕು, ಪೇಂಟ್ ಬೇಕಾ ಬೇಡವಾ. ಇವು ತುಂಬದಿದ್ದರೆ ಮುಂದಕ್ಕೆ ಹೋಗುವುದಿಲ್ಲ. ಕನ್ಸಲ್ಟಂಟರಿಗೆ ಇದು ತೋರಿಸಿದರೆ ಮುಖ ಸಣ್ಣದು ಮಾಡುತ್ತಾರೆ. ಬೆಲೆ ಕಳಿಸುವ ಹೊತ್ತು ಅರ್ಧಕ್ಕಿಂತ ಕೆಳಗೆ ಬಂದದ್ದು ಈ ಫಾರ್ಮಿನಿಂದಲೇ.

ಒಂದು ಬಿಡಿಭಾಗಕ್ಕೆ ಒಂದೇ ನಂಬರ್

ಮುಂದಿನ ಕೆಲಸ ಬೇಸರದ್ದು, ಆದರೆ ತಪ್ಪಿಸಿಕೊಳ್ಳುವ ಹಾಗಿಲ್ಲ. ಗಿರಾಕಿಯ ಪಾರ್ಟ್ ನಂಬರ್ ಒಂದು, ಜರ್ಮನಿಯ ಇಆರ್‌ಪಿಯಲ್ಲಿ (ಆರ್ಡರ್, ಸ್ಟಾಕು, ಲೆಕ್ಕ ಎಲ್ಲ ನೋಡುವ ಸಾಫ್ಟ್‌ವೇರ್) ಇನ್ನೊಂದು, ನಮ್ಮ ಪ್ಯಾಟರ್ನಿನ ಮೇಲೆ ಕೆತ್ತಿದ್ದು ಮತ್ತೊಂದು. ಇಂಥ ಡೇಟಾ ಇಟ್ಟುಕೊಂಡು ಹೊಸ ಇಆರ್‌ಪಿಗೆ ಹೋಗುವುದು ಅಂದರೆ ಹಳೇ ಮನೆಯ ಕಸವನ್ನೆಲ್ಲ ಗಂಟು ಕಟ್ಟಿ ಹೊಸ ಮನೆಗೆ ಸಾಗಿಸಿದ ಹಾಗೆ.

ಈ ನಂಬರುಗಳನ್ನು ಜೋಡಿಸುವ ಒಂದು ಪಟ್ಟಿ ಮಾಡಿ. ಪಟ್ಟಿಗೆ ಒಬ್ಬರು ಯಜಮಾನರಿರಲಿ. ಅವರು ಐಟಿಯವರಾಗಿರಬಾರದು, ಇದು ಮುಖ್ಯ. ಪಾರ್ಟ್ ಗೊತ್ತಿರುವುದು ಡಿಸೈನಿನವರಿಗೆ, ಬೆಲೆ ಗೊತ್ತಿರುವುದು ಖರೀದಿಯವರಿಗೆ. ಐಟಿಯವರ ಕೈಗೆ ಕೊಟ್ಟರೆ ಪಟ್ಟಿ ಚಂದ ಇರುತ್ತದೆ, ತಪ್ಪಾಗಿರುತ್ತದೆ.

ಸಾಫ್ಟ್‌ವೇರ್ ಬದಲಿಸಬೇಕಾ, ನಮ್ಮ ಕೆಲಸದ ಪದ್ಧತಿ ಬದಲಿಸಬೇಕಾ ಅನ್ನುವ ಜಗಳ ಇಲ್ಲೇ ಶುರುವಾಗುತ್ತದೆ. ಜರ್ಮನಿಯ ಲಿಡ್ಲ್ ದಿನಸಿ ಅಂಗಡಿಗಳ ಕಥೆ ಐಟಿ ಉದ್ಯಮದಲ್ಲಿ ಎಲ್ಲರಿಗೂ ಗೊತ್ತು. ಸುಮಾರು ಏಳು ವರ್ಷ ಎಸ್ಎಪಿ ಕಂಪನಿಯ ಸಾಫ್ಟ್‌ವೇರ್ ಮೇಲೆ ಕೆಲಸ ಮಾಡಿ, 500 ಮಿಲಿಯನ್ ಯೂರೋ ಸುರಿದ ಮೇಲೆ 2018ರಲ್ಲಿ ಆ ಯೋಜನೆ ಕೈಬಿಟ್ಟರು ಎಂದು ಅಲ್ಲಿನ ಪತ್ರಿಕೆಗಳು ಬರೆದವು. ಲಿಡ್ಲ್ ತನ್ನ ದಾಸ್ತಾನನ್ನು ಕೊಂಡ ಬೆಲೆಯಲ್ಲಿ ಲೆಕ್ಕ ಹಾಕುತ್ತಿತ್ತು. ಸಾಫ್ಟ್‌ವೇರ್ ಮಾರುವ ಬೆಲೆಯಲ್ಲಿ ಲೆಕ್ಕ ಹಾಕುವಂಥದ್ದು. ಲಿಡ್ಲ್ ತನ್ನ ಪದ್ಧತಿ ಬಿಡಲಿಲ್ಲ, ಸಾಫ್ಟ್‌ವೇರನ್ನೇ ಬಗ್ಗಿಸಲು ಹೋಯಿತು. ಬಗ್ಗಿಸುತ್ತಾ ಹೋದಷ್ಟೂ ಖರ್ಚು ಏರಿತು.

ನನ್ನ ರೂಢಿ ಇದು: ಗಿರಾಕಿ ಯಾವುದಕ್ಕೆ ನಮ್ಮನ್ನು ಆರಿಸಿಕೊಂಡಿದ್ದಾನೋ ಆ ಒಂದು ಪದ್ಧತಿ ನಮ್ಮದೇ ಇರಲಿ, ಅದಕ್ಕಾಗಿ ಸಾಫ್ಟ್‌ವೇರ್ ಬದಲಿಸೋಣ. ಹಾಜರಿ, ರಜೆ, ಬಿಲ್ಲು, ಸ್ಟೋರು ಇವಕ್ಕೆಲ್ಲ ಸಾಫ್ಟ್‌ವೇರ್ ಹೇಗಿದೆಯೋ ಹಾಗೇ ಬಳಸೋಣ. "ನಮ್ಮಲ್ಲಿ ಮೊದಲಿಂದಲೂ ಹೀಗೇ" ಅನ್ನುವ ಮಾತನ್ನು ಸ್ಟೋರಿನ ವಿಷಯದಲ್ಲಿ ಒಪ್ಪಬೇಡಿ.

ಕುಲುಮೆಯ ಹತ್ತಿರ

ಇಲ್ಲಿ ಸ್ವಲ್ಪ ಜಾಸ್ತಿ ಹೇಳಬೇಕು. ಯಾಕಂದರೆ ಹೆಚ್ಚಿನ ಐಟಿ ಮುಖ್ಯಸ್ಥರು ಕುಲುಮೆಯ ಹತ್ತಿರ ಹೋಗುವುದೇ ಇಲ್ಲ.

ನಮ್ಮಲ್ಲಿ ಇಂಡಕ್ಷನ್ ಫರ್ನೇಸಿನಲ್ಲಿ ಒಂದು ಸಲ ಕರಗಿಸಿದ ಲೋಹಕ್ಕೆ ಒಂದು ಹೀಟ್ ಅಂತೀವಿ, ಪ್ರತಿ ಹೀಟಿಗೂ ಒಂದು ನಂಬರ್ ಇರುತ್ತದೆ. ಸ್ಪೆಕ್ಟ್ರೋಮೀಟರಿನಲ್ಲಿ ಸ್ಯಾಂಪಲ್ ಸುಟ್ಟು ಕಾರ್ಬನ್, ಸಿಲಿಕಾನ್, ಮೆಗ್ನೀಶಿಯಂ ನೋಡುತ್ತೇವೆ. ಆಮೇಲೆ ಮೋಲ್ಡಿಗೆ ಹೊಯ್ಯುವುದು, ತಣಿಸುವುದು, ಶಾಟ್ ಬ್ಲಾಸ್ಟಿಂಗ್ (ಮರಳು ಉದುರಿಸುವುದು), ಫೆಟ್ಲಿಂಗ್ (ಹೆಚ್ಚಿನ ಲೋಹ ಕತ್ತರಿಸಿ ಉಜ್ಜುವುದು), ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷಿನ್). ಯುರೋಪಿನ ಗಿರಾಕಿಗೆ ಇಎನ್ 10204 ಅನ್ನುವ ಮಾನದಂಡದ ಪ್ರಕಾರ 3.1 ಸರ್ಟಿಫಿಕೇಟ್ ಬೇಕು: ಅವರ ಕೈಯಲ್ಲಿರುವ ಮಾಲು ಇದೇ ಹೀಟಿನದು, ಅದರ ರಾಸಾಯನಿಕ ಅಂಶ ಇಷ್ಟು, ಎಳೆದಾಗ ತಡೆದ ಶಕ್ತಿ ಇಷ್ಟು ಅಂತ. ಮೊದಲು ಇದನ್ನು ಕ್ವಾಲಿಟಿಯವರು ಮೂರು ರಜಿಸ್ಟರ್ ತೆರೆದು ಟೈಪ್ ಮಾಡುತ್ತಿದ್ದರು. ಕಂಟೇನರ್ ಹೊರಡುವ ದಿನ ರಾತ್ರಿ ಒಂಬತ್ತರ ತನಕ ಕೂರುತ್ತಿದ್ದರು.

ಸ್ಪೆಕ್ಟ್ರೋಮೀಟರಿನ ಕಂಪ್ಯೂಟರ್ ಮೊದಲೇ ಇತ್ತು. ಅದರ ಫೈಲು ತಾನಾಗಿ ಡೇಟಾಬೇಸಿಗೆ ಬರುವ ಹಾಗೆ ಮಾಡಿದೆವು. ಮೋಲ್ಡ್ ಬಾಕ್ಸ್‌ಗೆ ಸುಡದ ಲೋಹದ ಟ್ಯಾಗ್, ಫೆಟ್ಲಿಂಗ್ ಆದ ಮೇಲೆ ಬಾರ್‌ಕೋಡ್. ಈಗ ಡಿಸ್ಪ್ಯಾಚಿನಲ್ಲಿ ಸ್ಕ್ಯಾನ್ ಮಾಡಿದರೆ ಸರ್ಟಿಫಿಕೇಟ್ ತಯಾರು. ಜರ್ಮನಿಯಲ್ಲಿ ಒಂದು ಹೌಸಿಂಗಿನಲ್ಲಿ ಬ್ಲೋ ಹೋಲ್ (ಗಾಳಿ ಸಿಕ್ಕು ಆದ ತೂತು) ಸಿಕ್ಕಿತು ಅಂದುಕೊಳ್ಳಿ. ಮೊದಲಾದರೆ ಅವರು ಇಡೀ ಲಾಟ್ ನಿಲ್ಲಿಸುತ್ತಿದ್ದರು. ಈಗ ಅದೇ ಹೀಟಿನಲ್ಲಿ ಹೊಯ್ದ ನಗಗಳನ್ನಷ್ಟೇ ಪಕ್ಕಕ್ಕಿಟ್ಟು ಉಳಿದದ್ದನ್ನು ಜೋಡಿಸುತ್ತಾರೆ. ಅವರ ಅಸೆಂಬ್ಲಿ ಲೈನ್ ನಿಲ್ಲುವುದಿಲ್ಲ. ಯುರೋಪಿನ ಕಂಪನಿಯ ಪೈಪೋಟಿ ಶಕ್ತಿ ಬೆಳಗಾವಿಯ ಟ್ಯಾಗಿನಲ್ಲಿ ಇದೆ ಅಂದರೆ ಅಲ್ಲಿನ ದೊಡ್ಡ ಸಾಹೇಬರು ನಗಬಹುದು. ಅವರ ಅಸೆಂಬ್ಲಿ ಮ್ಯಾನೇಜರ್ ನಗುವುದಿಲ್ಲ.

ಹಳೇ ಮಷಿನ್‌ಗಳ ಬಗ್ಗೆ ಒಂದು ಮಾತು. ಹೊಸ ಸಿಎನ್‌ಸಿಗಳಲ್ಲಿ ಓಪಿಸಿ ಯುಎ (ಮಷಿನ್‌ಗಳು ಡೇಟಾ ಹಂಚಿಕೊಳ್ಳುವ ಒಂದು ಸಾಮಾನ್ಯ ಪದ್ಧತಿ) ಬಳಸಿ ಡೇಟಾ ತೆಗೆಯಬಹುದು. ಹಳೇ ಲೇತಿಗೆ ಅದೆಲ್ಲ ಇಲ್ಲ. ಅದಕ್ಕೆ ಮೋಟರಿನ ವೈರಿಗೆ ಒಂದು ಕರೆಂಟ್ ಸೆನ್ಸರ್ ಸುತ್ತಿ. ಓಡುತ್ತಿದೆಯಾ, ನಿಂತಿದೆಯಾ, ಸುಮ್ನೆ ತಿರುಗುತ್ತಿದೆಯಾ, ಮೂರು ಗೊತ್ತಾದರೆ ಸಾಕು. ಮಷಿನ್ ಬದಲಿಸಿದ ಮೇಲೆ ಡಿಜಿಟಲ್ ಮಾಡೋಣ ಅನ್ನುವವರು ಯಾವತ್ತೂ ಮಾಡುವುದಿಲ್ಲ.

ಇನ್ನು ಟ್ಯಾಬ್. ಮೋಲ್ಡಿಂಗ್ ಶಾಪಿಗೆ ಟ್ಯಾಬ್ ಕೊಟ್ಟ ಹೊಸದರಲ್ಲಿ ಅಲ್ಲಿನ ಹಿರಿಯ ಸೂಪರ್‌ವೈಸರ್ ಹೇಳಿದ್ದು: "ಸಾಹೇಬ್ರ, ಮೊದಲ ಒಂದ್ ಸಲ ಬರೀತಿದ್ವಿ. ಈಗ ರಜಿಸ್ಟರಿನ್ಯಾಗೂ ಬರೀಬೇಕು, ಟ್ಯಾಬಿನ್ಯಾಗೂ ಹೊಡೀಬೇಕು. ಇದಕ್ಕ ಸುಧಾರಣಾ ಅಂತಾರೇನ್ರಿ?" ಕಾಕಾ ಹೇಳಿದ್ದು ನೂರಕ್ಕೆ ನೂರು ನಿಜ. ಅವತ್ತಿನಿಂದ ನಮ್ಮಲ್ಲಿ ಒಂದು ಕಟ್ಟುನಿಟ್ಟು: ಹೊಸ ಸ್ಕ್ರೀನ್ ಬಂದರೆ ಒಂದು ರಜಿಸ್ಟರ್ ಹೋಗಲೇಬೇಕು. ಯಾವ ರಜಿಸ್ಟರ್ ಹೋಗುತ್ತದೆ ಅಂತ ಹೇಳಲು ಆಗದಿದ್ದರೆ ಆ ಸ್ಕ್ರೀನ್ ಬೇಡ. ಈ ನಿಯಮ ಸ್ಟುಟ್‌ಗಾರ್ಟಿಗೂ ಒಪ್ಪುತ್ತದೆ. ಅಲ್ಲಿನ ಶಾಪಿನ ಮೈಸ್ಟರ್ (ಮುಖ್ಯ ಕುಶಲಕರ್ಮಿ) ಕೂಡ ಇದೇ ಸಿಟ್ಟು ಮಾಡುತ್ತಾನೆ, ಭಾಷೆ ಮಾತ್ರ ಬೇರೆ.

ಗ್ಲೋವ್ಸ್ ಹಾಕಿದ ಕೈಗೆ ಸಣ್ಣ ಬಟನ್ ಸಿಗುವುದಿಲ್ಲ. ಮರಳಿನ ಧೂಳು ಚಾರ್ಜರ್ ತೂತಿಗೆ ಸೇರುತ್ತದೆ. ನಮ್ಮ ಶಿಫ್ಟಿನಲ್ಲಿ ಕನ್ನಡದವರು, ಮರಾಠಿಯವರು, ಹಿಂದಿ ಮಾತ್ರ ಬರುವವರು ಒಟ್ಟಿಗೆ ಇರುತ್ತಾರೆ. ಅಕ್ಷರ ಕಡಿಮೆ ಮಾಡಿ, ಚಿತ್ರ ಹಾಕಿ. ಯುರೋಪ್ ಒಕ್ಕೂಟದಲ್ಲಿ 24 ಅಧಿಕೃತ ಭಾಷೆಗಳಿವೆ. ಪೋಲೆಂಡಿನ ಘಟಕಕ್ಕೂ ಪೋರ್ಚುಗಲ್ಲಿನ ಘಟಕಕ್ಕೂ ಅದೇ ಸ್ಕ್ರೀನ್ ಕೊಡುವಾಗ ನಮ್ಮ ಶಾಪಿನಲ್ಲಿ ಕಲಿತದ್ದು ಬಂಡವಾಳವಾಗುತ್ತದೆ.

ಕಾನೂನನ್ನು ಮುಂದೆ ಹೋಗಿ ಹಿಡಿಯಿರಿ

ಯುರೋಪ್ ಅಂದರೆ ನಿಯಮ. ಎಲ್ಲರೂ ಬೈಯುತ್ತಾರೆ, ನಾನೂ ಬೈಯುತ್ತೇನೆ. ಆದರೆ ನಿಯಮಕ್ಕೆ ಬೇಕಾದ ಡೇಟಾ ಮೊದಲೇ ಇಟ್ಟುಕೊಂಡವರಿಗೆ ಅದೇ ಲಾಭ.

ಸಿಬಿಎಎಂ ತಗೊಳ್ಳಿ. ಹೊರಗಿನಿಂದ ಯುರೋಪಿಗೆ ಬರುವ ಕಬ್ಬಿಣ, ಉಕ್ಕು, ಅಲ್ಯುಮಿನಿಯಂ, ಸಿಮೆಂಟ್, ಗೊಬ್ಬರ ಮುಂತಾದವುಗಳ ಇಂಗಾಲಕ್ಕೆ ಬೆಲೆ ಕಟ್ಟುವ ವ್ಯವಸ್ಥೆ. 2023ರ ಅಕ್ಟೋಬರ್ 1ರಿಂದ ಬರೀ ವರದಿ ಕೊಡಬೇಕಿತ್ತು. 2026ರ ಜನವರಿ 1ರಿಂದ ದುಡ್ಡಿನ ಲೆಕ್ಕ ಶುರುವಾಗಿದೆ. ಕಟ್ಟುವವರು ಅಲ್ಲಿನ ಆಮದುದಾರರು, ಆದರೆ ಅಂಕಿ ಕೊಡಬೇಕಾದವರು ನಾವು. ನಿಜವಾದ ಅಂಕಿ ಕೊಡದಿದ್ದರೆ ಯುರೋಪ್ ಒಕ್ಕೂಟ ನಿಗದಿ ಮಾಡಿದ ಅಂಕಿ ಹಾಕುತ್ತಾರೆ, ಅದು ಸಾಮಾನ್ಯವಾಗಿ ತುಟ್ಟಿ.

ಮೊದಲು ಎಚ್‌ಎಸ್ ಕೋಡ್ ನೋಡಿ, ಅಂದರೆ ಕಸ್ಟಮ್ಸ್‌ನವರು ಮಾಲಿಗೆ ಕೊಡುವ ನಂಬರ್. ಪೈಪ್ ಫಿಟಿಂಗ್‌ಗಳ 7307, ಬೋಲ್ಟು-ನಟ್ಟುಗಳ 7318, ಕಬ್ಬಿಣದ ಇತರ ಸಾಮಾನುಗಳ 7326 ಪಟ್ಟಿಯಲ್ಲಿವೆ. ಎರಕದ ಮಾಲೆಲ್ಲ ಇದರಲ್ಲಿ ಬರುತ್ತದೆ ಅಂತಲ್ಲ, ಕೆಲವು ಹೊರಗಿವೆ. ಹಾಗಾಗಿ ಪೂರ್ತಿ ಕಾರ್ಖಾನೆಗೆ ಒಂದೇ ಅಂಕಿ ತೆಗೆದರೆ ಉಪಯೋಗವಿಲ್ಲ, ಒಂದೊಂದು ಬಿಡಿಭಾಗದ ಲೆಕ್ಕ ಬೇಕು.

ಆಮೇಲೆ ಚಾರ್ಜ್ ಶೀಟ್ ನೋಡಿ, ಅಂದರೆ ಫರ್ನೇಸಿಗೆ ಏನೇನು ಹಾಕಿದಿರಿ ಅನ್ನುವುದು. ಪಿಗ್ ಐರನ್ (ಅದಿರಿನಿಂದ ತೆಗೆದ ಕಚ್ಚಾ ಕಬ್ಬಿಣ) ಹಾಕಿದರೆ ಅದನ್ನು ತಯಾರಿಸುವಾಗ ಬಂದ ಇಂಗಾಲವೂ ನಿಮ್ಮ ಲೆಕ್ಕಕ್ಕೆ ಸೇರುತ್ತದೆ. ಗುಜರಿ ಕಬ್ಬಿಣಕ್ಕೆ ಹಾಗೆ ಸೇರುವುದಿಲ್ಲ. ಆದ್ದರಿಂದ ಪ್ರತಿ ಹೀಟಿಗೆ ಪಿಗ್ ಐರನ್ ಎಷ್ಟು, ಗುಜರಿ ಎಷ್ಟು ಅಂತ ತೂಕದ ಕಾಟಾದಿಂದಲೇ ದಾಖಲಾಗಬೇಕು. ತಿಂಗಳ ಕೊನೆಗೆ ಸ್ಟೋರಿನವರು ಅಂದಾಜಿನಲ್ಲಿ ಬರೆದದ್ದು ಪರಿಶೀಲಕರ ಮುಂದೆ ನಿಲ್ಲುವುದಿಲ್ಲ.

ಕರೆಂಟಿನ ವಿಷಯ ಸ್ವಲ್ಪ ಬೇರೆ. ಕಬ್ಬಿಣ-ಉಕ್ಕಿನ ಮಾಲಿಗೆ ಈಗ ಬೆಲೆ ಕಟ್ಟುವುದು ನೇರ ಹೊಗೆಗೆ ಮಾತ್ರ. ಆದರೂ ಗಿರಾಕಿಗಳು ಕರೆಂಟಿನ ಅಂಕಿ ಕೇಳುತ್ತಾರೆ, ಅವರ ಸ್ವಂತ ಇಂಗಾಲದ ಲೆಕ್ಕಕ್ಕೆ ಬೇಕು. ಪ್ರತಿ ಫರ್ನೇಸಿಗೆ ಒಂದು ಮೀಟರ್ ಹಾಕಿ ಹೀಟ್ ನಂಬರಿಗೆ ಜೋಡಿಸಿ. ನಮ್ಮಲ್ಲಿ ಇದು ಹಾಕಿದ್ದು ಗಿರಾಕಿಗಾಗಿ. ಉಪಯೋಗವಾದದ್ದು ನಮಗೇ: ಕರಗಿದ ಲೋಹವನ್ನು ಮೋಲ್ಡ್ ತಯಾರಿಲ್ಲ ಅಂತ ಸುಮ್ನೆ ಬಿಸಿ ಹಿಡಿದಿಡುವುದಕ್ಕೆ ಎಷ್ಟು ಯೂನಿಟ್ ಹೋಗುತ್ತಿತ್ತು ಅಂತ ಮೊದಲ ಸಲ ಕಣ್ಣಿಗೆ ಕಂಡಿತು.

ಇ-ಇನ್‌ವಾಯ್ಸ್ ವಿಷಯದಲ್ಲಿ ನಾವು ಜರ್ಮನಿಗಿಂತ ಮುಂದಿದ್ದೇವೆ, ಇದನ್ನು ಧೈರ್ಯವಾಗಿ ಹೇಳಿ. ಭಾರತದಲ್ಲಿ ಜಿಎಸ್‌ಟಿ ಇ-ಇನ್‌ವಾಯ್ಸ್ 2020ರ ಅಕ್ಟೋಬರ್‌ನಲ್ಲಿ 500 ಕೋಟಿ ಮೀರಿದ ವಹಿವಾಟಿನವರಿಗೆ ಬಂತು. 2023ರ ಆಗಸ್ಟ್‌ಗೆ 5 ಕೋಟಿಗೆ ಇಳಿಯಿತು. ಉದ್ಯಮಬಾಗದ ಸಣ್ಣ ವರ್ಕ್‌ಶಾಪಿನವರೂ ಕ್ಯೂಆರ್ ಇರುವ ಬಿಲ್ಲು ಹೊಡೆಯುತ್ತಾರೆ. ಜರ್ಮನಿಯಲ್ಲಿ ಕಂಪನಿಗಳು ಒಳನಾಡಿನ ಇ-ಇನ್‌ವಾಯ್ಸ್ ಸ್ವೀಕರಿಸಲು ತಯಾರಿರಬೇಕು ಅನ್ನುವ ನಿಯಮ ಬಂದದ್ದೇ 2025ರ ಜನವರಿ 1ಕ್ಕೆ. ಕಳಿಸುವುದು ಕಡ್ಡಾಯವಾಗುವುದು 2027ರಲ್ಲಿ 8 ಲಕ್ಷ ಯೂರೋ ವಹಿವಾಟು ಮೀರಿದವರಿಗೆ, 2028ರಲ್ಲಿ ಬಹುತೇಕ ಎಲ್ಲರಿಗೂ. ನಿಮ್ಮ ಯುರೋಪಿನ ಕಂಪನಿಯಲ್ಲಿ ಈ ಕೆಲಸ ಬಾಕಿ ಇದ್ದರೆ ಬೆಳಗಾವಿಯ ಅಕೌಂಟ್ಸ್‌ನವರನ್ನು ಸಭೆಗೆ ಕರೆಯಿರಿ. ಪಿಎಫ್ ನಂಬರ್ ತಪ್ಪಾದರೂ ಗೊಣಗುವ ನಮ್ಮ ಅಕೌಂಟೆಂಟ್ ಮೇಡಂ ಅವರು ಜರ್ಮನ್ನರಿಗೆ ಮಾಸ್ಟರ್ ಡೇಟಾ (ಹೆಸರು, ನಂಬರಿನಂಥ ಮೂಲ ಮಾಹಿತಿ) ಪಾಠ ಹೇಳಿದ್ದು ನಾನು ಕಣ್ಣಾರೆ ನೋಡಿದ್ದೇನೆ.

ಕಾರ್ಮಿಕರ ಮಂಡಳಿಯನ್ನು ಮರೆಯಬೇಡಿ

ಭಾರತದಿಂದ ಹೋದವರು ಹೆಚ್ಚಾಗಿ ಎಡವುವುದು ಇಲ್ಲಿ. ಜರ್ಮನಿಯ ಎಷ್ಟೋ ಕಂಪನಿಗಳಲ್ಲಿ ಕಾರ್ಮಿಕರು ಆರಿಸಿದ ಮಂಡಳಿ ಇರುತ್ತದೆ, ಬೆಟ್ರೀಬ್ಸ್‌ರಾಟ್ ಅಂತಾರೆ. ಕೆಲಸಗಾರರ ನಡತೆ ಅಥವಾ ಕೆಲಸದ ಪ್ರಮಾಣ ಗಮನಿಸುವಂಥ ಯಾವ ತಾಂತ್ರಿಕ ಸಾಧನ ತಂದರೂ ಈ ಮಂಡಳಿಯ ಒಪ್ಪಿಗೆ ಬೇಕು. ಈ ಮಂಡಳಿಗಳ ಬಗೆಗಿನ ಜರ್ಮನಿಯ ಕಾಯ್ದೆಯ 87ನೇ ಕಲಂ ಅದನ್ನು ಹೇಳುತ್ತದೆ. ಲಾಗಿನ್ ಸಮಯ ದಾಖಲಿಸುವ ಟ್ಯಾಬ್ ಕೂಡ ಇದರಲ್ಲಿ ಬರಬಹುದು.

ಹಾಗಾದರೆ ಏನು ಮಾಡಬೇಕು? ಸಾಫ್ಟ್‌ವೇರ್ ಆರಿಸುವ ಮೊದಲೇ ಅವರ ಹತ್ತಿರ ಹೋಗಿ. ಯಾವ ಡೇಟಾ ತಗೊಳ್ಳುತ್ತೇವೆ, ಎಷ್ಟು ದಿನ ಇಡುತ್ತೇವೆ, ಯಾರು ನೋಡುತ್ತಾರೆ, ಯಾವುದಕ್ಕೆ ಬಳಸುವುದಿಲ್ಲ, ಈ ನಾಲ್ಕನ್ನು ಒಂದೇ ಪುಟದಲ್ಲಿ ಬರೆದು ಕೊಡಿ. ಮಷಿನಿನ ಡೇಟಾ ತಗೊಳ್ಳಿ, ಮನುಷ್ಯನ ಹೆಸರು ಬಿಡಿ. ಹೆಸರು ಬೇಕಾಗುವ ಜಾಗ ಬಹಳ ಕಡಿಮೆ, ಅಲ್ವಾ? ಇದೇ ಪುಟವನ್ನು ನಾವು ಬೆಳಗಾವಿಯ ಶಾಪಿನ ಗೋಡೆಗೂ ಕನ್ನಡ, ಮರಾಠಿ, ಹಿಂದಿಯಲ್ಲಿ ಅಂಟಿಸಿದೆವು. ಇಲ್ಲಿ ಕಾನೂನು ಕೇಳುವುದಿಲ್ಲ ನಿಜ. ಆದರೆ ಮಷಿನ್ ನಿಂತದ್ದಕ್ಕೆ ನಿಜವಾದ ಕಾರಣ ಒತ್ತುವ ಧೈರ್ಯ ಆಪರೇಟರಿಗೆ ಬಂದದ್ದು ಆ ಪುಟದಿಂದ. ಅದಕ್ಕೂ ಮುಂಚೆ ಎಲ್ಲರೂ "ಇತರೆ" ಬಟನ್ನೇ ಒತ್ತುತ್ತಿದ್ದರು.

ಇನ್ನೊಂದು ಸಣ್ಣ ವಿಷಯ. ಆಗಸ್ಟಿನಲ್ಲಿ ಹೊಸ ಸಿಸ್ಟಮ್ ಶುರು ಮಾಡುವ ಯೋಚನೆ ಬೇಡ. ಇಟಲಿ ಅರ್ಧ ಮುಚ್ಚಿರುತ್ತದೆ.

ನಿಂತುಹೋದರೆ?

2019ರ ಮಾರ್ಚ್‌ನಲ್ಲಿ ನಾರ್ವೆಯ ಅಲ್ಯುಮಿನಿಯಂ ಕಂಪನಿ ನಾರ್ಸ್ಕ್ ಹೈಡ್ರೊ ಮೇಲೆ ರ್‍ಯಾನ್ಸಮ್‌ವೇರ್ ದಾಳಿಯಾಯಿತು, ಅಂದರೆ ಕಂಪ್ಯೂಟರಿನ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವುದು. ಸುಮಾರು 40 ದೇಶಗಳಲ್ಲಿ 35,000 ಜನರ ಕಂಪನಿ. ಅವರು ದುಡ್ಡು ಕೊಡಲಿಲ್ಲ. ಕೈಯಿಂದ ಮಷಿನ್ ನಡೆಸಿದರು, ಕಾಗದದ ಆರ್ಡರ್ ನೋಡಿ ಮಾಲು ಮಾಡಿದರು, ಆದದ್ದನ್ನು ಬಹಿರಂಗವಾಗಿ ಹೇಳಿದರು. 2017ರಲ್ಲಿ ಡೆನ್ಮಾರ್ಕಿನ ಮೇರ್ಸ್ಕ್ ಹಡಗು ಕಂಪನಿಗೆ ನಾಟ್‌ಪೆಟ್ಯಾ ಅನ್ನುವ ದುಷ್ಟ ಸಾಫ್ಟ್‌ವೇರ್ ಬಡಿದಾಗ ಸುಮಾರು 45,000 ಕಂಪ್ಯೂಟರುಗಳನ್ನು ಹೊಸದಾಗಿ ಹಾಕಬೇಕಾಯಿತು. ಅವರ ಡೊಮೇನ್ ಕಂಟ್ರೋಲರಿನ (ಯಾರು ಲಾಗಿನ್ ಆಗಬಹುದು ಎಂದು ನೋಡುವ ಸರ್ವರ್) ಒಂದೇ ಒಂದು ಪ್ರತಿ ಉಳಿದಿತ್ತು, ಅದೂ ಘಾನಾದ ಕಚೇರಿಯಲ್ಲಿ ಆಗ ಕರೆಂಟ್ ಹೋಗಿದ್ದರಿಂದ. 2025ರ ಸೆಪ್ಟೆಂಬರ್‌ನಲ್ಲಿ ಜಾಗ್ವಾರ್ ಲ್ಯಾಂಡ್ ರೋವರ್ ವಾರಗಟ್ಟಲೆ ಕಾರು ಮಾಡಲಾಗದೆ ನಿಂತಿತು. ಆ ಘಟನೆಯಿಂದ ಬ್ರಿಟನ್ನಿನ 5,000ಕ್ಕೂ ಹೆಚ್ಚು ಸಂಸ್ಥೆಗಳಿಗೆ ಪೆಟ್ಟು ಬಿತ್ತು, ಒಟ್ಟು ನಷ್ಟ 1.9 ಬಿಲಿಯನ್ ಪೌಂಡ್ ಎಂದು ಅಲ್ಲಿನ ಸೈಬರ್ ಮಾನಿಟರಿಂಗ್ ಸೆಂಟರ್ ಅಂದಾಜು ಮಾಡಿತು.

ಮೂರನೆಯದನ್ನು ಗಮನಿಸಿ. ದೊಡ್ಡ ಕಂಪನಿ ನಿಂತರೆ ಬಿಡಿಭಾಗ ಕೊಡುವ ಸಣ್ಣವರು ಮೊದಲು ಉಪವಾಸ ಬೀಳುತ್ತಾರೆ. ಪೆಟ್ಟು ಉಲ್ಟಾ, ಪೂರೈಕೆದಾರರ ಮೂಲಕ ದೊಡ್ಡ ಕಂಪನಿಗೂ ಬರಬಹುದು. ಎನ್ಐಎಸ್2 ಅನ್ನುವ ಯುರೋಪಿನ ಸೈಬರ್ ಭದ್ರತೆಯ ನಿಯಮ ಪೂರೈಕೆದಾರರ ಭದ್ರತೆಯನ್ನೂ ನೋಡಿ ಅನ್ನುವುದು ಅದಕ್ಕೇ. ಗಿರಾಕಿಯಿಂದ ನೂರಾರು ಪ್ರಶ್ನೆಗಳ ಎಕ್ಸೆಲ್ ಬಂದರೆ ಅದರ ಮೂಲ ಇದು.

ಫಾರ್ಮ್ ತುಂಬುವುದು ಒಂದು ಕಡೆ ಇರಲಿ. ಒಂದು ರಜಾ ದಿನ ಆರಿಸಿ. ಸರ್ವರ್ ವೈರ್ ಕಿತ್ತಿಡಿ. ಬ್ಯಾಕಪ್‌ನಿಂದ ಮತ್ತೆ ಎಬ್ಬಿಸಲು ಎಷ್ಟು ಹೊತ್ತು ಬೇಕು ನೋಡಿ. ಬ್ಯಾಕಪ್ ಇದೆ ಅನ್ನುವುದು ಬೇರೆ, ಅದರಿಂದ ಎದ್ದೇಳುವುದು ಬೇರೆ. ಪ್ರತಿ ಸಂಜೆ ಮರುದಿನದ ಜಾಬ್ ಕಾರ್ಡ್ ಪಟ್ಟಿ ಕಾಗದಕ್ಕೆ ಪ್ರಿಂಟ್ ಆಗಲಿ. ಕಾಗದ ಉಳಿಸಿ ಅನ್ನುವವರಿಗೆ ನಾರ್ವೆಯ ಕಥೆ ಹೇಳಿ. ಮಷಿನ್‌ಗಳ ನೆಟ್‌ವರ್ಕ್ ಕಚೇರಿಯ ನೆಟ್‌ವರ್ಕಿನಿಂದ ಬೇರೆ ಇರಲಿ. ಮಷಿನ್ ರಿಪೇರಿಯವರು ದೂರದಿಂದ ಒಳಗೆ ಬರುವ ದಾರಿ ಸದಾ ತೆರೆದಿರಬಾರದು, ಬೇಕಾದಾಗ ತೆರೆದು ಕೆಲಸ ಮುಗಿದ ಕೂಡಲೇ ಮುಚ್ಚಬೇಕು.

ಎಐ ಬಗ್ಗೆ ಎರಡು ಮಾತು

ಎಲ್ಲರೂ ಮೊದಲು ಇದನ್ನೇ ಕೇಳುತ್ತಾರೆ. 2024ರಲ್ಲಿ ಹತ್ತು ಅಥವಾ ಹೆಚ್ಚು ಜನರಿರುವ ಯುರೋಪ್ ಒಕ್ಕೂಟದ ಕಂಪನಿಗಳಲ್ಲಿ ಎಐ ಬಳಸುತ್ತಿದ್ದವು ಶೇಕಡಾ 13.5 ಎಂದು ಒಕ್ಕೂಟದ ಅಂಕಿಅಂಶ ಕಚೇರಿ ಯುರೋಸ್ಟಾಟ್‌ನ ಲೆಕ್ಕ. ಅಂದರೆ ಓಡುವ ಅಗತ್ಯವಿಲ್ಲ, ನಿದ್ದೆಯೂ ಬೇಡ. ಡ್ರಾಯಿಂಗಿನಿಂದ ಗ್ರೇಡ್, ಟಾಲರೆನ್ಸ್ ಓದಿ ಆ ಫಾರ್ಮ್ ತುಂಬಿಸುವುದಕ್ಕೆ, ಇಟಲಿಯ ಮೇಲನ್ನು ಅನುವಾದಿಸುವುದಕ್ಕೆ ಈಗಲೇ ಬಳಸಿ, ಒಬ್ಬರು ಕಣ್ಣಾಡಿಸಲಿ. ಎರಕದ ದೋಷವನ್ನು ಫೋಟೋ ನೋಡಿ ಹಿಡಿಯಬೇಕು ಅಂದರೆ ಮೊದಲು ದೋಷದ ಫೋಟೋಗಳಿಗೆ ಸರಿಯಾಗಿ ಹೆಸರು ಹಾಕಿಟ್ಟಿರಬೇಕು. ಆ ಹೆಸರು ಹಾಕಬಲ್ಲವರು ಫೆಟ್ಲಿಂಗ್ ಶಾಪಿನ ಹಳಬರು. ಅವರು ನಿವೃತ್ತರಾಗುವ ಮೊದಲು ಮಾಡಿಸಿಕೊಳ್ಳಿ.

ದುಡ್ಡು ಕೇಳುವುದು, ಕರಾರು ಮಾಡುವುದು

ಯುರೋಪಿನ ಮಧ್ಯಮ ಕಂಪನಿಗಳು ಹೆಚ್ಚಾಗಿ ಮನೆತನದವು. ಮಾಲೀಕರು ಎರಡನೇ, ಮೂರನೇ ತಲೆಮಾರಿನವರು. ಬೆಳಗಾವಿಯಲ್ಲೂ ಹಾಗೇ ಇರುವುದರಿಂದ ನಮಗೆ ಈ ಸ್ವಭಾವ ಗೊತ್ತು. ಐದು ವರ್ಷದ ದೊಡ್ಡ ಯೋಜನೆ ತೋರಿಸಿದರೆ ತಲೆ ಆಡಿಸುತ್ತಾರೆ, ದುಡ್ಡು ಕೊಡುವುದಿಲ್ಲ. ಒಂದೇ ಉತ್ಪನ್ನದ ಸಾಲು ಆರಿಸಿ. ಮೂರು ತಿಂಗಳು ಕೇಳಿ. ಮೂರೇ ಅಂಕಿ ತೋರಿಸಿ: ಬೆಲೆ ಕಳಿಸಲು ಹಿಡಿದ ದಿನ, ರಿಜೆಕ್ಷನ್, ಹೇಳಿದ ದಿನಕ್ಕೆ ಹೊರಟ ಮಾಲು. ಶುರು ಮಾಡುವ ಮೊದಲಿನ ಅಂಕಿಗೆ ಮಾಲೀಕರ ಸಹಿ ಹಾಕಿಸಿಕೊಳ್ಳಿ. ಇಲ್ಲದಿದ್ದರೆ ಆಮೇಲೆ "ಮೊದಲೂ ಹೀಗೇ ಇತ್ತಲ್ಲ" ಅಂತಾರೆ.

ಇನ್ನು ಸಾಫ್ಟ್‌ವೇರ್ ಕಂಪನಿಯ ಕರಾರು. ಬೆಲೆಗಿಂತ ಮೊದಲು ಬಿಟ್ಟುಹೋಗುವ ಷರತ್ತು ಓದಿ. ಯುರೋಪಿನ ಡೇಟಾ ಆಕ್ಟ್ 2025ರ ಸೆಪ್ಟೆಂಬರ್ 12ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಅಲ್ಲಿನ ಕಾರ್ಖಾನೆಯಲ್ಲಿ ನೆಟ್‌ಗೆ ಜೋಡಿಸಿದ ಮಷಿನ್ ಹುಟ್ಟಿಸುವ ಡೇಟಾ ಪಡೆಯುವ ಹಕ್ಕು ಮಷಿನ್ ಬಳಸುವವರಿಗಿದೆ. ಮಷಿನ್ ಮಾಡಿದವರು "ಅದು ನಮ್ಮದು" ಅನ್ನುವ ಹಾಗಿಲ್ಲ. ಒಂದು ಕ್ಲೌಡಿನಿಂದ ಇನ್ನೊಂದಕ್ಕೆ ಹೋಗುವಾಗ ಹಾಕುವ ಶುಲ್ಕ 2027ರ ಜನವರಿ 12ರಿಂದ ಪೂರ್ತಿ ನಿಲ್ಲಬೇಕು. ಮಾರುವವರು ಇದನ್ನು ತಾವಾಗಿ ಹೇಳುವುದಿಲ್ಲ. ಕರಾರಿನಲ್ಲಿ ಮೂರು ಸಾಲು ಬರೆಸಿ: ನಮ್ಮ ಡೇಟಾ ಯಾವ ಫೈಲ್ ರೂಪದಲ್ಲಿ ವಾಪಸ್ ಸಿಗುತ್ತದೆ, ಕೇಳಿದ ಎಷ್ಟು ದಿನಕ್ಕೆ ಸಿಗುತ್ತದೆ, ಕೊಟ್ಟ ಮೇಲೆ ತಮ್ಮ ಹತ್ತಿರದ ಪ್ರತಿ ಅಳಿಸಿದ್ದಕ್ಕೆ ಏನು ದಾಖಲೆ ಕೊಡುತ್ತಾರೆ. ಸಹಿ ಹಾಕುವ ಮೊದಲು ಒಂದು ಸಲ ಡೇಟಾ ಹೊರಗೆ ತೆಗೆದು ತೋರಿಸಿ ಎಂದು ಕೇಳಿ. ಡೆಮೊದಲ್ಲಿ ಎಲ್ಲವನ್ನೂ ಚಕಚಕ ತೋರಿಸುವವರು ಇಲ್ಲಿ ತಡವರಿಸಿದರೆ, ಮುಂದಿನ ಕಂಪನಿಯವರಿಗೆ ಫೋನ್ ಮಾಡಿ.